ಸವೆಯದ ಅಟ್ಟೆ

ಮನುಷ್ಯರನ್ನು ಕಾಲಿನಿಂದ ಮೇಲಕ್ಕೆ ನೋಡುವವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯೆ. ನಾನು ಕಂಡವನು ಒಬ್ಬನೇ. ಎದುರಿಗೆ ಯಾರು ಬಂದು ನಿಂತರೂ ಅವನ ದೃಷ್ಟಿ ಮೊದಲು ಹಿಮ್ಮಡಿಗೆ ಹೋಗುತ್ತಿತ್ತು, ಅಲ್ಲಿಂದ ಹೆಬ್ಬೆರಳಿಗೆ ಬಂದು ಸ್ವಲ್ಪ ಹೊತ್ತು ತಂಗುತ್ತಿತ್ತು, ಆಮೇಲೆ ಬೇಕೆನ್ನಿಸಿದರೆ ಮಾತ್ರ ಮೊಣಕಾಲು, ಸೊಂಟ, ಎದೆ ಹತ್ತಿ ಮುಖವನ್ನು ತಲುಪುತ್ತಿತ್ತು. ಎಷ್ಟೋ ಜನರ ವಿಷಯದಲ್ಲಿ ಹಾಗೆ ಬೇಕೆನ್ನಿಸುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಬರುವ ಗಿರಾಕಿ ಬೀದಿಯಲ್ಲಿ ಎದುರಾಗಿ ನಕ್ಕರೆ ಇವನು ಬೆಪ್ಪನ ಹಾಗೆ ನಿಲ್ಲುತ್ತಿದ್ದ. ಅದೇ ಮನುಷ್ಯ ಬೆನ್ನ ಹಿಂದೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ತಿರುಗದೆಯೇ, "ಯಜಮಾನ್ರೇ, ಬಲಗಡೆ ಮೊಳೆ ಎದ್ದಿದೆ, ನಾಳೆ ಬನ್ನಿ" ಅನ್ನುತ್ತಿದ್ದ.

ಅವನ ಹೆಂಡತಿ ಇದನ್ನೇ ಹಿಡಿದು ಆಡಿಕೊಳ್ಳುತ್ತಿದ್ದಳು. "ನಾವಿಬ್ಬರೂ ಮೊದಲು ಭೇಟಿಯಾದ ದಿನ ಇವರು ನೋಡಿದ್ದು ನನ್ನ ಕಾಲುಗಳನ್ನ. ಮುಖ ನೋಡಿದ್ದು ಮದುವೆಯಾಗಿ ಮೂರನೇ ದಿನ. ಅಷ್ಟೊತ್ತಿಗೆ ವಾಪಸ್ ಕೊಡೋ ಹಾಗಿರಲಿಲ್ಲ."

"ಕಾಲು ಚೆನ್ನಾಗಿತ್ತಲ್ಲ, ಮುಖಕ್ಕೇನು ಅವಸರ" ಎಂದು ಅವನು ತಲೆ ಎತ್ತದೆ ಗೊಣಗುತ್ತಿದ್ದ.

ಚಪ್ಪಲಿ ಹೊಲಿಯುವುದು ಅವನ ಕಸುಬು. ಊರೆಲ್ಲ ಅವನನ್ನು ಅಚ್ಚಣ್ಣ ಎಂದು ಕರೆಯುತ್ತಿತ್ತು. ಅಂಗಡಿಯ ಮೂರು ಗೋಡೆಗಳಿಗೂ ಕಾಲಿನ ಆಕಾರದ ಮರದ ಅಚ್ಚುಗಳು ಜೋಡಿಜೋಡಿಯಾಗಿ ನೇತುಬಿದ್ದಿರುತ್ತಿದ್ದವು. ಹೆಸರು ಬಂದದ್ದು ಅವುಗಳಿಂದ. ಒಮ್ಮೆ ಅಳತೆ ಕೊಟ್ಟವರ ಪಾದ ಆ ಗೋಡೆಯ ಮೇಲೆ ಕಾಯಂ ಆಗುತ್ತಿತ್ತು. ಸತ್ತವರದನ್ನೂ ಅವನು ಇಳಿಸುತ್ತಿರಲಿಲ್ಲ. "ಜಾಗ ಸಾಲಲ್ಲವಲ್ಲಯ್ಯಾ" ಅಂದರೆ, "ಇರೋರಿಗಿಂತ ಇವರೇ ವಾಸಿ ಮೇಷ್ಟ್ರೇ, ನಾಳೆ ಕೊಡು ಅಂತ ತಗಾದೆ ಮಾಡಲ್ಲ" ಅನ್ನುತ್ತಿದ್ದ. ನಾನು ಯಾವ ಶಾಲೆಗೂ ಮೇಷ್ಟ್ರಲ್ಲ. ಅವನ ಪಕ್ಕದ್ದೇ ನನ್ನ ರದ್ದಿ ಅಂಗಡಿ. ಶಾಲೆಯ ಬಾಗಿಲು ನನ್ನ ಪಾಲಿಗೆ ನಾಲ್ಕನೇ ತರಗತಿಗೇ ಮುಚ್ಚಿತು. ಆಮೇಲೆ ಓದಿದ್ದೆಲ್ಲ ತಕ್ಕಡಿಗೆ ಬಂದ ಕಾಗದವನ್ನು, ತೂಕಕ್ಕೆ ಹಾಕುವುದಕ್ಕೆ ಮುಂಚೆ. ಅವನ 'ಮೇಷ್ಟ್ರೇ'ಯಲ್ಲಿ ಅರ್ಧ ಗೌರವ ಅರ್ಧ ಕೀಟಲೆ ಇರುತ್ತಿತ್ತು. ನಾನು ಎರಡನ್ನೂ ಇಟ್ಟುಕೊಂಡೆ. ನಮ್ಮಿಬ್ಬರ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ ಅಷ್ಟೇ. ಮೂವತ್ತು ವರ್ಷ ಅವನ ಸುತ್ತಿಗೆಯ ಸದ್ದಿನಿಂದಲೇ ಅವನ ಮನಸ್ಸು ಹೇಗಿದೆ ಎಂದು ತಿಳಿದುಕೊಂಡವನು ನಾನು.

ಅವನ ನಡಿಗೆಯೇ ಬೇರೆ. ಹಿಮ್ಮಡಿಯನ್ನು ಮೊದಲು ಊರಿ, ನೆಲ ಒಪ್ಪಿತೇ ಎಂದು ಕೇಳಿಕೊಂಡು, ಒಪ್ಪಿತು ಎಂದು ಖಾತ್ರಿಯಾದ ಮೇಲೆ ಮುಂಗಾಲು ಇಳಿಸುವ ನಡಿಗೆ. ಮೈಮೇಲೆ ಎಲ್ಲ ಕಾಲಕ್ಕೂ ಒಂದೇ ಕಂದು ಕೋಟು. ಅದರ ಬಲಜೇಬಿನಲ್ಲಿ ಮೇಣದುಂಡೆ, ದಾರ, ದಬ್ಬಳ, ಚರ್ಮ ಕೊಯ್ಯುವ ಚಿಕ್ಕ ಕತ್ತಿ, ಇವೆಲ್ಲ ಸೇರಿ ಎಳೆದೂ ಎಳೆದೂ ಕೋಟಿನ ಬಲಹೆಗಲು ಜಾರಿ, ನಿಂತ ಮನುಷ್ಯ ಓರೆಯಾಗಿ ತೂಗುಹಾಕಿದ ಚಿತ್ರದ ಹಾಗೆ ಕಾಣುತ್ತಿದ್ದ. ಒಮ್ಮೆ ಅವನ ಹೆಂಡತಿ ಸಮ ಆಗಲಿ ಎಂದು ಎಡಜೇಬಿಗೆ ಅಷ್ಟೇ ತೂಕದ ಕಲ್ಲೊಂದನ್ನು ಹಾಕಿಟ್ಟಳು. ಒಂದು ವಾರ ಆ ಕಲ್ಲನ್ನು ಹೊತ್ತು ತಿರುಗಿ, "ಯಾಕೋ ಈ ನಡುವೆ ಆಯಾಸ ಜಾಸ್ತಿ ಮೇಷ್ಟ್ರೇ, ವಯಸ್ಸಾಯ್ತು" ಎಂದು ನನ್ನ ಹತ್ತಿರ ಗೋಳು ತೋಡಿಕೊಂಡ.

ಮಾತಿನಲ್ಲಿ ಅವನಿಗೊಂದು ಚಾಳಿ ಇತ್ತು. ಎಷ್ಟು ಹೊತ್ತು ಬೇಕಾದರೂ ಚರ್ಮದ ಹದ, ದಾರದ ಗಟ್ಟಿತನ, ಯಾರದೋ ಚಪ್ಪಟೆ ಪಾದ ಎಂದು ಕೊರೆಯುತ್ತಿದ್ದ. ನಡುವೆ "ಅದಿರಲಿ" ಎಂದನೆಂದರೆ ಕಿವಿ ನಿಮಿರಿಸಬೇಕು. ಅವನು ಹೇಳಲು ಬಂದದ್ದು ಅದರ ನಂತರದ್ದು. ಮಗಳು ಹುಟ್ಟಿದ ಸುದ್ದಿಯನ್ನು ನನಗೆ ಹೇಳಿದ್ದು ಹೀಗೆ: "ಈ ಸಲದ ಚರ್ಮ ಒಣಕಲು ಮೇಷ್ಟ್ರೇ, ಎಣ್ಣೆ ಕುಡಿಸಿದಷ್ಟೂ ಕುಡಿಯತ್ತೆ. ಅದಿರಲಿ, ಹೆಣ್ಣುಮಗು. ಪಾದ ಇಷ್ಟಿಷ್ಟೇ ಇದೆ."

ಹಟ ಅಂದರೆ ಗೋಂದಿನ ಮೇಲಿನ ಹಟ. ಕಾರ್ಖಾನೆಯಲ್ಲಿ ಅಂಟು ಹಾಕಿ ಒತ್ತಿ ತಯಾರಿಸಿದ ಯಾವುದನ್ನೂ ಅವನು ಮುಟ್ಟುತ್ತಿರಲಿಲ್ಲ. ಅಂಥವಕ್ಕೆಲ್ಲ ಅವನಿಟ್ಟ ಹೆಸರು 'ಗೋಂದಿನ ಜೋಡು'. ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಮುಂಭಾಗ ಬಿಟ್ಟುಹೋದ ಬೂಟನ್ನು ತಂದು ಅವನ ಮುಂದಿಟ್ಟರು. ಅಚ್ಚಣ್ಣ ಅದನ್ನು ಕಡ್ಡಿಯಿಂದ ಮೆಲ್ಲಗೆ ಅವರ ಕಡೆಗೇ ತಳ್ಳಿದ. "ಬಾಯಿ ಬಿಟ್ಟಿದೆ ಸ್ವಾಮಿ, ಏನೋ ಹೇಳ್ಬೇಕು ಅಂತಿದೆ. ಕೊಂಡ ಅಂಗಡಿಗೇ ಕರ್ಕೊಂಡು ಹೋಗಿ, ಅಲ್ಲೇ ಹೇಳ್ಕೊಳ್ಳಲಿ." ಹೀಗೆ ಓಡಿಸಿದ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಬೀದಿ ಸಾಲುತ್ತಿರಲಿಲ್ಲ.

ಅವನಿಗೆ ಆ ಮಗಳೊಬ್ಬಳೇ. ನಡೆಯಲು ಕಲಿತ ವರ್ಷದಿಂದ ಪ್ರತಿ ವರ್ಷವೂ ಅವಳ ಪಾದವನ್ನು ಕಾಗದದ ಮೇಲೆ ಇಡಿಸಿ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದ. ಕಾಗದ ನನ್ನ ಅಂಗಡಿಯದು. ಕಡ್ಡಿ ಅಂಗಾಲಿನ ತಗ್ಗಿನ ಹತ್ತಿರ ಬಂದಾಗ ಅವಳಿಗೆ ಕಚಗುಳಿಯಾಗಿ ಬಿದ್ದು ಬಿದ್ದು ನಗುತ್ತಿದ್ದಳು. ಗೆರೆ ಹಾವಿನಂತೆ ಹೊರಳುತ್ತಿತ್ತು. ಅವನು ಗದರುವವನಂತೆ ನಟಿಸಿ ಮತ್ತೆ ಅಲ್ಲಿಗೇ ಕಡ್ಡಿ ತರುತ್ತಿದ್ದ. ವರ್ಷಕ್ಕೆ ಒಂದು ದಿನ ಹಲಗೆಯ ಆಚೆಯಿಂದ ಅಚ್ಚಣ್ಣ ಸದ್ದುಮಾಡಿ ನಗುವುದು ನನಗೆ ಕೇಳಿಸುತ್ತಿತ್ತೆಂದರೆ ಅದು ಆ ದಿನ.

ಆ ಹುಡುಗಿ ಬೆಳೆದು, ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಹೋಗಿ ಆರು ವರ್ಷವಾಗಿತ್ತು. ಕೆಲಸದ ಹೆಂಗಸರಿಗೆಂದು ಕಾರ್ಖಾನೆಯೇ ಕಟ್ಟಿಸಿದ ವಸತಿಯಲ್ಲಿ ಇದ್ದಳು. ಅಲ್ಲಿ ಹೊರಗಿನವರಿಗೆ ಬೆಳಿಗ್ಗೆಯಿಂದ ಸಂಜೆ ಆರರವರೆಗೆ ಮಾತ್ರ ಪ್ರವೇಶ. ಹಾಗಾಗಿ ಅಚ್ಚಣ್ಣನದು ಯಾವಾಗಲೂ ಒಂದು ಹಗಲಿನ ಪ್ರಯಾಣ. ಆರು ತಿಂಗಳಿಗೊಮ್ಮೆ ಮೊದಲ ಬಸ್ಸಿಗೆ ಹೋಗಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದ. ವರ್ಷಕ್ಕೊಂದು ಹೊಸ ಜೊತೆ ಹೊಲಿದು ಒಯ್ಯುತ್ತಿದ್ದ.

ಹೋಗಿಬಂದವನನ್ನು ಹೆಂಡತಿ ಕೇಳುವಳು: "ಹೇಗಿದಾಳೆ?" ಮಗಳು ಏನು ಹೇಳಿದಳು, ಏನು ಉಂಡಳು, ಸಣ್ಣಗಾಗಿದ್ದಾಳೋ ದಪ್ಪಗಾಗಿದ್ದಾಳೋ ಒಂದನ್ನೂ ಅವನು ಹೇಳುತ್ತಿರಲಿಲ್ಲ, ಏಕೆಂದರೆ ಅವನು ಅದೊಂದನ್ನೂ ಗಮನಿಸಿರುತ್ತಿರಲಿಲ್ಲ. ಕೋಣೆಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮಗಳು ಬರುವುದರೊಳಗೆ ತಿರುಗಿಸಿ, ಅದರ ಅಟ್ಟೆಯನ್ನು, ನೆಲಕ್ಕೆ ತಾಗುವ ಆ ತಳವನ್ನು, ಓದಿಕೊಂಡು ಬಂದಿರುತ್ತಿದ್ದ. "ಚೆನ್ನಾಗಿದಾಳೆ. ಸಮವಾಗಿ ಸವೆದಿದೆ. ಭಾರ ಹೊತ್ತು ನಡೀತಿಲ್ಲ. ಮಣ್ಣುದಾರಿಗಿಂತ ಕಲ್ಲುಹಾಸಿನ ಮೇಲೇ ಜಾಸ್ತಿ ಓಡಾಟ." ಆ ತಾಯಿಗೂ ಅದು ಸಾಕಾಗುತ್ತಿತ್ತು. ವಾರವಾರ ಫೋನಿನಲ್ಲಿ ಮಗಳು "ಚೆನ್ನಾಗಿದೀನಿ ಅಮ್ಮ" ಅಂದರೆ ಆಕೆಗೆ ಅರ್ಧ ನಂಬಿಕೆ. ಅಟ್ಟೆ ಹೇಳಿದರೆ ಪೂರ್ತಿ.

ಎಡವಟ್ಟು ಆದದ್ದು ಇಲ್ಲೇ. ಒಂದು ಸಲ ಹೋದಾಗ ಅಟ್ಟೆ ಎಂದಿಗಿಂತ ಕಡಿಮೆ ಸವೆದಿತ್ತು. ಚರ್ಮ ಗಟ್ಟಿಯದು ಸಿಕ್ಕಿದೆ ಎಂದು ಜಂಬಪಟ್ಟುಕೊಂಡು ಬಂದ. ಮುಂದಿನ ಸಲ ಹೋಗಿ ಬಂದ ಮೇಲೆ ನಾಲ್ಕು ದಿನ ಅವನ ಸುತ್ತಿಗೆ ಒಂದೇ ಜಾಗದಲ್ಲಿ ಬಡಿದುಕೊಳ್ಳುತ್ತಿತ್ತು. ಐದನೇ ದಿನ ನನ್ನ ಅಂಗಡಿಗೆ ಬಂದು ಕಾಗದದ ಕಟ್ಟಿನ ಮೇಲೆ ಕೂತು, ದಾರದ ಗುಣಮಟ್ಟವನ್ನು ಕಾಲುಗಂಟೆ ಬೈದ.

"ಅದಿರಲಿ ಮೇಷ್ಟ್ರೇ. ಮಗು ನಡೀತಿಲ್ಲ."

"ಅಂದ್ರೆ?"

"ಆರು ತಿಂಗಳ ಜೋಡು. ಅಟ್ಟೆ ಹೊಸದರ ಹಾಗಿದೆ. ನಾನು ಉಜ್ಜಿದ ಹೊಳಪು ಹಾಗೇ ಇದೆ. ಕಾಯಿಲೆ ಬಿದ್ದು ಮಲಗಿದಾಳೋ, ಕೆಲಸ ಹೋಗಿ ಕೋಣೆಯಲ್ಲಿ ಕೂತಿದಾಳೋ, ಎರಡರಲ್ಲಿ ಒಂದು. ನನ್ನ ಹತ್ತಿರ ಬಾಯಿ ಬಿಡಲ್ಲ."

"ಬೇರೆ ಜೋಡು ಹಾಕ್ಕೋತಿರಬಹುದಲ್ಲಯ್ಯಾ."

ಅವನು ನನ್ನ ಮುಖ ನೋಡಿದ. ಕಾಲಿನಿಂದ ಶುರುಮಾಡದೆ ನೇರವಾಗಿ ಮುಖವನ್ನೇ ನೋಡಿದ. "ನನ್ನ ಮಗಳಾ?" ಅಂದ. ನಾನು ಅವಳ ಮೇಲೆ ಕಳ್ಳತನ ಹೊರಿಸಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲವೇನೋ. ಊರಿನವರ ಅಟ್ಟೆಯಲ್ಲಿ ಅವರ ಸಂಸಾರದ ಗುಟ್ಟನ್ನೆಲ್ಲ ಓದಬಲ್ಲವನಿಗೆ ಈ ಒಂದು ಸಾಮಾನ್ಯ ವಿಷಯ ಮಾತ್ರ ತಲೆಯೊಳಗೆ ಇಳಿಯದೆ ಹೋಯಿತು.

ಮುಂದಿನ ಆರು ತಿಂಗಳು ನಾನು ಕಂಡದ್ದನ್ನು ಹೇಳಬೇಕು. ಅವನು ಚಿಂತೆ ಮಾಡಿದ್ದು ನಿಜ, ಊಟ ಬಿಟ್ಟು ಸೊರಗಿದ್ದು ನಿಜ. ಆದರೆ ಒಂದು ದಿನ ಅಂಗಡಿಯಲ್ಲಿ ತನ್ನ ಪಕ್ಕಕ್ಕೆ ಇನ್ನೊಂದು ಕುಳಿತುಕೊಳ್ಳುವ ಮಣೆ ತಂದಿಟ್ಟ. ಇನ್ನೊಂದು ದಿನ ಕಿಟಕಿಯನ್ನು ಒಡೆಸಿ ದೊಡ್ಡದು ಮಾಡಿಸಿದ. ಹೊಲಿಗೆ ಕಲಿಯುವವರಿಗೆ ಬೆಳಕು ಬೇಕಂತೆ. ಮನೆಯಲ್ಲಿ ಅವನ ಹೆಂಡತಿ ಮಗಳ ಮಂಚದ ಮೇಲೆ ಪೇರಿಸಿದ್ದ ಡಬ್ಬಗಳನ್ನೆಲ್ಲ ಇಳಿಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಮಗಳಿಗೆ ಕೆಟ್ಟದ್ದಾಗಿದೆ ಎಂದು ಕೊರಗುತ್ತಿದ್ದ ಇಬ್ಬರೂ ಯಾವುದೋ ಒಳ್ಳೆಯದಕ್ಕೆ ಅಣಿಯಾಗುವವರ ಹಾಗೆ ಓಡಾಡುತ್ತಿದ್ದರು. ಸುತ್ತಿಗೆಯ ಸದ್ದು ಒಮ್ಮೊಮ್ಮೆ ಹಾಡಿನ ಲಯಕ್ಕೆ ಬಂದುಬಿಡುತ್ತಿತ್ತು. ಅವನಿಗೇ ಅದು ಅರಿವಾಗಿ ತಟ್ಟನೆ ನಿಲ್ಲಿಸುತ್ತಿದ್ದ.

ಹೋಗುವ ದಿನ ಗೊತ್ತಾದ ಮೇಲೆ ಅವನು ನನ್ನನ್ನೂ ಹೊರಡಿಸಿದ. "ಅವಳ ಪೆಟ್ಟಿಗೆ, ಹಾಸಿಗೆ ಎಲ್ಲ ತರಬೇಕಾಗತ್ತೆ. ಒಬ್ಬನ ಕೈಲಿ ಆಗಲ್ಲ."

ಬಸ್ಸಿನಲ್ಲಿ ನಾಲ್ಕು ಗಂಟೆಯೂ ಆ ವರ್ಷದ ಹೊಸ ಜೊತೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅರ್ಧ ಗಂಟೆಗೊಮ್ಮೆ ಕಾಗದ ಬಿಡಿಸಿ, ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಮತ್ತೆ ಸುತ್ತಿಡುತ್ತಿದ್ದ. ಕಡುಗೆಂಪು ಚರ್ಮ, ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಬಿಡಿಬಿಡಿಯಾಗಿ ನಿಂತ ಹೊಲಿಗೆ. ಅವನ ಕೈಯಿಂದ ಅದಕ್ಕಿಂತ ಚೆಲುವಾದ ಜೊತೆ ಬಂದದ್ದನ್ನು ನಾನು ನೋಡಿಲ್ಲ.

ವಸತಿಯ ಎರಡನೇ ಮಹಡಿಯಲ್ಲಿ ಅವಳ ಕೋಣೆ. ಎರಡು ಕಬ್ಬಿಣದ ಮಂಚ, ನಡುವೆ ಒಂದು ಮೇಜು, ಮೇಜಿನ ಮೇಲೆ ನೀರು ಕಾಯಿಸುವ ಪಾತ್ರೆ, ಎದುರಿಗೆ ಇನ್ನೊಂದು ಕಟ್ಟಡದ ಗೋಡೆಯನ್ನೇ ತೋರಿಸುವ ಕಿಟಕಿ. ಪಕ್ಕದ ಮಂಚದವಳು ತನ್ನ ಕೆಲಸದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಅಪ್ಪ ಹೊಲಿದ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಂದು ಬಾಗಿಲು ತೆರೆದು, "ಬಾ ಅಪ್ಪ. ಅರೆ, ದೊಡ್ಡಪ್ಪನೂ ಬಂದಿದೀರಾ! ಇವತ್ತೇನು ಅಂಗಡಿಗಳೆರಡಕ್ಕೂ ರಜವಾ?" ಅಂದಳು. ಅವಳ ದನಿಯಲ್ಲಿ ಕಾಯಿಲೆಯ ಸುಳಿವೇ ಇರಲಿಲ್ಲ.

ಅಚ್ಚಣ್ಣ ಅವಳ ಕಾಲಿನಿಂದ ಚಪ್ಪಲಿ ಬಿಡಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಹೊಳಪು ಹಾಗೇ ಇತ್ತು. ಅದನ್ನು ಕೆಳಗಿಟ್ಟು ಹೊಸ ಜೊತೆಯನ್ನು ಬಿಚ್ಚಿ ತೊಡಿಸಿದ. ಅವಳು ಎದ್ದು ನಿಂತು ಎರಡು ಹೆಜ್ಜೆ ಹಾಕಿ, "ಸರಿಯಾಗಿದೆ ಅಪ್ಪ, ಹೂವಿನ ಹಾಗಿದೆ" ಅಂದಳು. ಅವಳ ಕಿರುಬೆರಳು ಅಂಚು ದಾಟಿ ಹೊರಗೆ ಇಣುಕುತ್ತಿದ್ದುದು ನನಗೇ ಕಂಡಿತು, ಅವನಿಗೆ ಕಾಣದಿರುತ್ತದೆಯೇ? ಅವನು ಚಹಾ ಕುಡಿದ. ಬಸ್ಸಿನ ಸೀಟು ಗಟ್ಟಿಯಾಗಿತ್ತು ಅಂದ. ದಾರಿಯಲ್ಲಿ ಸೇತುವೆ ಹೊಸದಾಗಿ ಕಟ್ಟುತ್ತಿದ್ದಾರೆ ಅಂದ.

"ಅದಿರಲಿ. ಪೆಟ್ಟಿಗೆ ಕಟ್ಟು ಮಗಳೇ. ಮನೆಗೆ ಹೋಗೋಣ."

ಅವಳ ಕೈಯ ಲೋಟ ಅಲ್ಲೇ ನಿಂತಿತು. "ಯಾಕಪ್ಪಾ? ಅಮ್ಮಂಗೇನಾದ್ರೂ..."

"ಅಮ್ಮ ಗುಂಡುಕಲ್ಲಿನ ಹಾಗಿದಾಳೆ. ನಿನ್ನ ವಿಷಯ ಹೇಳು. ಕೆಲಸ ಹೋಗಿ ಎಷ್ಟು ದಿನ ಆಯ್ತು?"

"ಯಾರ ಕೆಲಸ?"

"ನನ್ನ ಹತ್ರ ಮುಚ್ಚಿಡಬೇಡ. ಒಂದು ವರ್ಷದ ಅಟ್ಟೆ ಹೀಗಿರತ್ತಾ? ಹೋದ್ರೆ ಹೋಗ್ಲಿ ಬಿಡು. ಅಂಗಡಿಯಲ್ಲಿ ನಿಂಗೆ ಜಾಗ ಮಾಡಿದೀನಿ. ಕಿಟಕಿ ದೊಡ್ಡದು ಮಾಡಿಸಿದೀನಿ."

ಪಕ್ಕದ ಮಂಚದವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನಗತೊಡಗಿದಳು. "ಇವಳ ಕೆಲಸ ಹೋಗೋದಾ ಯಜಮಾನ್ರೇ? ಇವಳು ರಜ ಹಾಕಿದ ದಿನ ನಮ್ಮ ಮೇಲಿನವರು ಅಳೋದೊಂದು ಬಾಕಿ." ಮಗಳು ಕಣ್ಣು ಬಿಟ್ಟು ಹೆದರಿಸಿದಳು, ಅವಳು ಹೆದರಲಿಲ್ಲ. "ಹೇಳ್ಬಿಡೇ ಅತ್ಲಾಗೆ. ಇವರು ಬರೋ ದಿನವೆಲ್ಲ ಅದನ್ನ ನನ್ನ ಮಂಚದ ಕೆಳಗೆ ತಳ್ತಾಳೆ. ಅದರ ವಾಸನೆ ಕುಡಿಯೋಳು ನಾನು."

ಮಗಳು ಬಗ್ಗಿ ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದಳು. ಹಳೆಯ ಟವೆಲ್ಲಿನ ಕೆಳಗೆ ಕರಿಯ, ದಪ್ಪ ಮೂತಿಯ, ರಬ್ಬರ್ ತಳದ ಒಂದು ಜೊತೆ ಬೂಟು. ಅಪ್ಪಟ ಗೋಂದಿನ ಜೋಡು.

ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದರು.

"ಎಷ್ಟು ದಿನದಿಂದ?" ಅಂದ ಅಚ್ಚಣ್ಣ.

"ಒಂದೂವರೆ ವರ್ಷ. ಮೊದಲು ಪೆಟ್ಟಿಗೆ ಕಟ್ಟೋ ಕಡೆ ಇದ್ನಲ್ಲ, ಆಗ ನಿನ್ನದೇ ಹಾಕ್ಕೋತಿದ್ದೆ. ಈಗ ಬಾಟ್ಲಿ ಪರೀಕ್ಷೆ ಮಾಡೋ ಕಡೆ ಹಾಕಿದಾರೆ. ನೆಲದ ತುಂಬ ಗಾಜಿನ ಚೂರು. ಇದಿಲ್ಲದೆ ಗೇಟಿನೊಳಗೆ ಬಿಡಲ್ಲ ಅಪ್ಪ."

"ಹೇಳಬಹುದಾಗಿತ್ತು."

"ಹೇಗೆ ಹೇಳ್ಲಿ? ಇದನ್ನ ಹಾಕ್ಕೊಂಡು ಬಂದವರನ್ನ ನೀನು ಅಂಗಡಿ ಮೆಟ್ಟಿಲು ಹತ್ತಿಸಲ್ಲ. ನಾನು ಹೇಳಿದ್ರೆ ನೀನು ಬರೋದೇ ನಿಲ್ಲಿಸ್ತೀಯೇನೋ ಅಂತ."

ಅಚ್ಚಣ್ಣ ಮಂಚದಿಂದ ನೆಲಕ್ಕೆ ಇಳಿದು ಚಕ್ಕಳಮಕ್ಕಳ ಹಾಕಿ ಕೂತ. ಬೂಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡ. ಮೂವತ್ತು ವರ್ಷ ಕಡ್ಡಿಯಿಂದ ತಳ್ಳಿದ್ದನ್ನು ಎರಡೂ ಕೈಯಿಂದ ಹಿಡಿದು, ಕಣ್ಣಿನ ಹತ್ತಿರ ತಂದು, ಹೆಬ್ಬೆರಳಿನಿಂದ ಅದರ ತಳವನ್ನು ಹಿಮ್ಮಡಿಯಿಂದ ಮುಂದಕ್ಕೆ ಮೆಲ್ಲಗೆ ಸವರುತ್ತ ಹೋದ.

"ಎಡಗಾಲಿನ ಮೇಲೆ ನಿಲ್ತೀಯ."

"ಹ್ಞೂಂ."

"ತುಂಬ ಹೊತ್ತು."

"ಎಂಟು ಗಂಟೆ."

"ಬಲಗಾಲಲ್ಲಿ ಏನೋ ಒತ್ತೀಯ. ಹೆಬ್ಬೆರಳ ಕೆಳಗೆ ಗುಳಿ ಬಿದ್ದಿದೆ."

"ಕೆಳಗೆ ಒಂದು ಪೆಡಲ್ ಇದೆ ಅಪ್ಪ. ಸೀಳಿರೋ ಬಾಟ್ಲಿ ಕಂಡ್ರೆ ಒತ್ತಬೇಕು. ಅದು ಆಚೆ ಬೀಳತ್ತೆ."

ಅವನು ಬೂಟಿನೊಳಗೆ ಕೈ ತೂರಿಸಿ ತುಂಬ ಹೊತ್ತು ತಡಕಿದ. ಒಳಗೆ, ಬದಿಯಲ್ಲಿ, ಗಟ್ಟಿ ಏಣೊಂದು ಸಿಕ್ಕಿರಬೇಕು. ಅವನ ದನಿ ತಗ್ಗಿತು. "ಕಿರುಬೆರಳು ನೋಯತ್ತೆ."

ಅವಳು ಮುಖ ತಿರುಗಿಸಿ, ಕಿಟಕಿಯ ಹೊರಗೆ ನೋಡಲು ಏನೋ ಇದೆ ಎಂಬಂತೆ ನೋಡಿದಳು. ಹೊರಗೆ ಗೋಡೆ ಇತ್ತು. "ಯಾರಿಗೂ ಹೇಳಿರಲಿಲ್ಲ" ಅಂದಳು.

"ಮೇಷ್ಟ್ರೇ, ಒಂದು ಕಾಗದ ಕೊಡಿ."

ನನ್ನ ಚೀಲದಲ್ಲಿ ಕಾಗದವಿಲ್ಲದ ದಿನವಿಲ್ಲ. ಅವಳು ಪಾದ ಇಟ್ಟಳು. ಅವನು ಹಿಮ್ಮಡಿಯಿಂದ ಗೆರೆ ಶುರುಮಾಡಿದ. ಆ ಪಾದ ಬದಲಾಗಿತ್ತು. ನಿಂತೂ ನಿಂತೂ ಅಗಲವಾಗಿತ್ತು, ಮುಂಗಾಲು ಹರಡಿಕೊಂಡಿತ್ತು, ಬದಿಗೆ ಆಣಿ ಕಟ್ಟಿತ್ತು. ಆರು ವರ್ಷದಿಂದ ಅವನು ಜೋಡು ಹೊಲಿಯುತ್ತಿದ್ದುದು ಗೋಡೆಯ ಮೇಲಿನ ಹಳೆಯ ಅಚ್ಚಿಗೆ, ಮನೆಯಲ್ಲಿದ್ದ ಹುಡುಗಿಯ ಕಾಲಿಗೆ. ಕಡ್ಡಿ ಅಂಗಾಲಿನ ತಗ್ಗಿನ ಹತ್ತಿರ ಬಂತು. ಅಲ್ಲಿ ಅವನ ಕೈ ತಾನಾಗಿ ನಿಧಾನವಾಯಿತು. ಅವಳು ನಗಲಿಲ್ಲ. ಆ ಗಡುಸಾದ ಚರ್ಮಕ್ಕೆ ಏನೂ ತಿಳಿದಿರಲಿಲ್ಲ. ಅವನು ತಲೆ ಎತ್ತದೆ ಕಾದ. ಕೊನೆಗೆ ಅವಳಿಗೇ ಹೊಳೆದಿರಬೇಕು, ಒಂದು ಸಣ್ಣ ನಗು ನಕ್ಕಳು. ಬೇಕೆಂದೇ ನಕ್ಕ ನಗು. ಅದು ಅವನಿಗೂ ಗೊತ್ತಾಯಿತು, ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಅವನು ಗೆರೆ ಮುಗಿಸಿದ.

"ಕೆಲಸ ಹೋಗದಿದ್ರೂ ಮನೆಗೆ ಬರಬಹುದು" ಅಂದ, ಕಾಗದ ಮಡಿಸುತ್ತ. ಈ ಸಲ 'ಅದಿರಲಿ' ಇರಲಿಲ್ಲ.

ಅವಳೂ ನೆಲಕ್ಕೆ ಬಂದು ಅವನ ಎದುರು ಕೂತಳು. "ಬರಲ್ಲ ಅಪ್ಪ. ನಂಗೆ ಅದು ಬರತ್ತೆ. ಬಾಟ್ಲಿಗಳು ಬಿಳೀ ಬೆಳಕಿನ ಮುಂದೆ ಓಡ್ತಾ ಇರ್ತವೆ. ಕೂದಲೆಳೆಯಷ್ಟು ಸೀಳು, ರೆಪ್ಪೆ ಬಡಿಯೋದರೊಳಗೆ ಹೋಗ್ಬಿಡತ್ತೆ. ಬೇರೆಯವರು ಕಣ್ಣಲ್ಲಿ ಹುಡುಕ್ತಾರೆ. ನಂಗೆ ಕಣ್ಣಿಗಿಂತ ಮುಂಚೆ ಕಾಲಿಗೆ ಗೊತ್ತಾಗತ್ತೆ. ಒತ್ತಿಬಿಟ್ಟಿರತ್ತೆ. ಆಮೇಲೆ ನೋಡಿದ್ರೆ ಸೀಳು ಇದ್ದೇ ಇರತ್ತೆ. ಅದು ಹೇಗೆ ಅಂತ ನಂಗೂ ಗೊತ್ತಿಲ್ಲ."

ಅಚ್ಚಣ್ಣನಿಗೆ ಗೊತ್ತಿತ್ತು. ಅವನ ಮುಖ ನೋಡಿದವನು ನಾನು. ಒಂದೇ ಕ್ಷಣದಲ್ಲಿ ಅದು ಅರಳಿತು, ಹಾಗೇ ಇಳಿಯಿತು. ಇವಳು ನನ್ನ ಮಗಳೇ ಸರಿ ಎಂಬ ಹೆಮ್ಮೆಯೂ, ಅದಕ್ಕೇ ಇವಳು ಬರುವುದಿಲ್ಲ ಎಂಬ ಅರಿವೂ ಒಟ್ಟಿಗೇ ಒಳಗೆ ಬಂದಿದ್ದವು.

ಆಮೇಲೆ ಅವನು ಮಾಡಿದ್ದನ್ನು ನಾನು ತಡೆಯಲು ಹೋದೆ. ಕೈ ಹಿಡಿದೆ ಕೂಡ. ಅವನು ಕೈ ಬಿಡಿಸಿಕೊಂಡ. ಆ ಹೊಸ ಕಡುಗೆಂಪು ಜೊತೆಯನ್ನು ಮಡಿಲಿಗೆ ಎಳೆದುಕೊಂಡು, ಜೇಬಿನ ಕತ್ತಿ ತೆಗೆದು, ತಿಂಗಳುಗಟ್ಟಲೆ ಹಾಕಿದ್ದ ಹೊಲಿಗೆಯನ್ನು ಸರಸರನೆ ಬಿಚ್ಚಿದ. ಮೇಲಿನ ಮೆತ್ತನೆಯ ಚರ್ಮವನ್ನು ಬಿಡಿಸಿ, ಹೊಸ ಗೆರೆಯ ಪ್ರಕಾರ ಕೊಯ್ದು, ಅಂಚನ್ನು ಹೆರೆದು ತೆಳ್ಳಗೆ ಮಾಡಿ, ಕರಿಯ ಬೂಟಿನೊಳಗೆ ಹಾಸಿದ. ಕಿರುಬೆರಳ ಬದಿಯ ಗಟ್ಟಿ ಏಣಿನ ಮೇಲೆ ಇನ್ನೊಂದು ತುಂಡನ್ನು ಮೆತ್ತೆಯ ಹಾಗೆ ಹೊಲಿದ. ಬಲಬೂಟಿನ ಮೂತಿಯಲ್ಲಿ ಅಂಟು ಬಿಡುತ್ತಿದ್ದ ಕಡೆ, ದಾರಕ್ಕೆ ಮೇಣ ತೀಡಿ ತೀಡಿ, ದಬ್ಬಳ ಒತ್ತಿ ಒತ್ತಿ, ಹದಿನೇಳು ಹೊಲಿಗೆ ಹಾಕಿದ. ಒಂದೊಂದನ್ನೂ ನಾನು ಎಣಿಸಿದೆ. ರಬ್ಬರು ದಬ್ಬಳವನ್ನು ಒಳಗೆ ಬಿಡಲೊಲ್ಲದೆ ಅವನ ಹಣೆಯಲ್ಲಿ ಬೆವರು ಮೂಡಿತು. ಪಕ್ಕದ ಮಂಚದವಳು ಸದ್ದಿಲ್ಲದೆ ತನ್ನ ಬೂಟನ್ನೂ ತಂದು ಅವನ ಬಳಿ ಇಟ್ಟಳು. ಅವನು ಅದನ್ನೂ ತಿರುಗಿಸಿ ನೋಡಿ, "ನೀನು ಕಾಲು ಎಳೀತೀಯ. ಸೋಮಾರಿ" ಅಂದ. "ನಮ್ಮಮ್ಮನ ಹಾಗೇ ಬೈತಾರಲ್ಲೇ" ಎಂದು ಅವಳು ನಕ್ಕಳು. ಅವಳದಕ್ಕೂ ನಾಲ್ಕು ಹೊಲಿಗೆ ಬಿತ್ತು.

ಆರಕ್ಕೆ ಕಾವಲಿನ ಹೆಂಗಸು ಬಾಗಿಲು ತಟ್ಟಿದಳು. ಮಗಳು ಆ ಬೂಟು ಹಾಕಿಕೊಂಡೇ ಗೇಟಿನವರೆಗೆ ಬಂದು ನಮ್ಮನ್ನು ಕಳಿಸಿದಳು. ತಿರುಗಿ ಹೋಗುವಾಗ ಅಚ್ಚಣ್ಣ ನೋಡಿದ್ದು ಅವಳ ಹಿಮ್ಮಡಿಗಳನ್ನು. ಮೆಟ್ಟಿಲು ಹತ್ತಿ ಅವು ಮರೆಯಾದ ಮೇಲೂ ನೋಡುತ್ತಿದ್ದ.

ಬಸ್ಸು ಆ ಕಟ್ಟುತ್ತಿರುವ ಸೇತುವೆಯ ಪಕ್ಕ ಹಾದುಹೋಗುವಾಗ ಅವನು, "ಒಂದು ಬೆರಳು ಅಗಲ ಆಗಿದೆ" ಅಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ಕೆಲಸ ಹೋಗಿರಲಿ ಅಂತ ಆಸೆಪಟ್ಟೆ ಮೇಷ್ಟ್ರೇ. ಆರು ತಿಂಗಳು. ಯಾವ ತಂದೆ ಹಾಗೆ ಆಸೆಪಡ್ತಾನೆ?"

"ಎಲ್ಲಾ ತಂದೆನೂ. ಬಾಯಿ ಬಿಟ್ಟು ಹೇಳಿದವನು ನೀನೊಬ್ಬ."

ಮರುದಿನ ಬೆಳಿಗ್ಗೆ ಅವನ ಹೆಂಡತಿ ಅಂಗಡಿಗೇ ಬಂದಳು. ಹಿಂದಿನ ರಾತ್ರಿ ಖಾಲಿ ಕೈಯಲ್ಲಿ ಬಂದವನನ್ನು ಏನೂ ಕೇಳದೆ ಊಟ ಬಡಿಸಿದ್ದಳಂತೆ. "ಹೇಗಿದಾಳೆ?" ಅಂದಳು.

"ಚೆನ್ನಾಗಿದಾಳೆ. ಎಡಗಾಲಿನ ಮೇಲೆ ನಿಲ್ತಾಳೆ."

"ಬರ್ತಾಳಾ?"

"ಇಲ್ಲ."

ಆಕೆ ಹೊಸ ಕಿಟಕಿಯ ಕಡೆ ಒಮ್ಮೆ ನೋಡಿ, "ಬೆಳಕು ಚೆನ್ನಾಗಿದೆ ಬಿಡಿ" ಎಂದು ಹೊರಟುಹೋದಳು. ಆಮೇಲೆ ಅಚ್ಚಣ್ಣ ಗೋಡೆಯಿಂದ ಮಗಳ ಅಚ್ಚನ್ನು ಇಳಿಸಿದ. ಅವನು ತಿದ್ದಲೆಂದು ಇಳಿಸಿದ ಮೊದಲ ಅಚ್ಚು ಅದು. ಮಡಿಸಿಟ್ಟ ಕಾಗದವನ್ನು ಬಿಡಿಸಿ, ಮರದ ಬದಿಗೆ ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಹೊಡೆದು ಅಗಲ ಮಾಡತೊಡಗಿದ. ಹಲಗೆಯ ಈಚೆಗೆ ಆ ಸದ್ದು ಮಧ್ಯಾಹ್ನದವರೆಗೂ ಕೇಳಿಸಿತು. ಆ ವರ್ಷದಿಂದ ಅವನು ಮಗಳಿಗೆ ಹೊಲಿದದ್ದು ಬೂಟಿನೊಳಗೆ ಹಾಸುವ ಚರ್ಮ ಮಾತ್ರ. ಹೊರಗಿನವರ ಕಣ್ಣಿಗೆ ಎಂದೂ ಬೀಳದ ಕೆಲಸ.

ವಾತ್ಸಲ್ಯವನ್ನು ಮಾತಿನಲ್ಲಿ ಹೇಳಬಲ್ಲವರ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ನನ್ನ ತಕ್ಕಡಿಯೊಂದಕ್ಕೇ ಮಣಗಟ್ಟಲೆ ಬಂದಿವೆ, ನಾನೂ ಆಸೆಪಟ್ಟು ಓದಿದ್ದೇನೆ. ಅಚ್ಚಣ್ಣನಂಥವರು ಆ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಇವರಿಗೆ ಕೇಳಲು ಬರುವುದಿಲ್ಲ, ಹೇಳಲು ಬರುವುದಿಲ್ಲ. ಮಕ್ಕಳು ಎಲ್ಲಿ ಸವೆದಿದ್ದಾರೆ ಎಂದು ಮುಟ್ಟಿ ನೋಡಲು ಬರುತ್ತದೆ, ಅದರಲ್ಲೂ ಒಮ್ಮೊಮ್ಮೆ ತಪ್ಪುತ್ತಾರೆ. ಮಕ್ಕಳು ಸೋತಾದರೂ ಮನೆಗೆ ಬರಲಿ ಎಂದು ಒಳಗೊಳಗೇ ಹಾರೈಸುತ್ತಾರೆ. ಹಾಗೆ ಹಾರೈಸಿದ್ದಕ್ಕೆ ತಮಗೆ ತಾವೇ ನಾಚುತ್ತಾರೆ. ಆಮೇಲೆ, ಆ ನಾಚಿಕೆ ಇನ್ನೂ ಆರುವ ಮೊದಲೇ ನೆಲದ ಮೇಲೆ ಕೂತು, ಮಕ್ಕಳು ಅಷ್ಟು ದೂರದಲ್ಲಿಯೇ, ತಮ್ಮ ಕಣ್ಣಿಗೆ ಕಾಣದ ಜಾಗದಲ್ಲಿಯೇ, ನೋವಿಲ್ಲದೆ ನಿಂತಿರಲು ಏನು ಬೇಕೋ ಅದನ್ನು ತಮ್ಮ ಕೈಯಾರೆ ಹೊಲಿದುಕೊಡುತ್ತಾರೆ.